ತಾಯಿಯ ಕಾಯಿಲೆಯ ಹೆಸರು ತಾಯಿಗೇ ತಿಳಿಯಬಾರದೇ?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಮಸೀದಿ, ಮದ್ರಸಾಗಳಲ್ಲಿ ಪಾಠ ಹೇಳುವ ನಮ್ಮಂಥವರ ಬಳಿಗೆ ಜನರು ತರುವ ಪ್ರಶ್ನೆಗಳು ಬಗೆಬಗೆಯವು. ನಮಾಝ್, ಝಕಾತ್, ನಿಕಾಹ್, ಆಸ್ತಿಯ ಹಂಚಿಕೆ ಮುಂತಾದವುಗಳ ಬಗ್ಗೆ ಅವರು ಎಲ್ಲರ ಎದುರಿನಲ್ಲಿಯೇ ಕೇಳುತ್ತಾರೆ. ಆದರೆ ಒಂದು ಪ್ರಶ್ನೆ ಮಾತ್ರ ಇಶಾ ನಮಾಝ್ ಮುಗಿದು ಎಲ್ಲರೂ ಹೊರಟುಹೋದ ಮೇಲೆ ತಗ್ಗಿದ ದನಿಯಲ್ಲಿ ಬರುತ್ತದೆ. “ಹಜರತ್, ಅಮ್ಮಿಗೆ ಕ್ಯಾನ್ಸರ್ ಅಂತ ರಿಪೋರ್ಟ್ ಬಂದದ. ಅವರಿಗೆ ಬರೇ ಗಂಟು ಅಂತ ಹೇಳೀವಿ. ಹಿಂಗ ಹೇಳಿದ್ರ ಗುನಾ ಆಗ್ತದೇನ್ರಿ?”

ಈ ಪ್ರಶ್ನೆಯ ಹಿಂದೆ ಪ್ರೀತಿಯಿದೆ, ಭಯವೂ ಇದೆ. ಎರಡನ್ನೂ ನಾವು ಅರಿಯಬಲ್ಲೆವು. ಆದರೂ ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ. ಮಾತಾಪಿತರ ಕಾಯಿಲೆಯ ಹೆಸರನ್ನು ಅವರಿಂದಲೇ ಬಚ್ಚಿಡುವುದು ಅವರ ಸೇವೆಯಾಗಲಾರದು. ಸತ್ಯವನ್ನು ಸೌಮ್ಯವಾಗಿ ತಿಳಿಸಿ, ಚಿಕಿತ್ಸೆಯ ಕೊನೆಯವರೆಗೂ, ಅದು ಮುಗಿದ ನಂತರವೂ ಅವರ ಜೊತೆಗಿರುವುದೇ ನಿಜವಾದ ಖಿದ್ಮತ್.

ನಮ್ಮ ಸೀಮೆಗೆ ಈ ಕಾಯಿಲೆಯು ಹೊಸದೇನಲ್ಲ. ಕೃಷ್ಣಾ ತೀರದ ಕಬ್ಬು ಒಂದೆಡೆ, ನಿಪ್ಪಾಣಿಯ ತಂಬಾಕು ಇನ್ನೊಂದೆಡೆ ನಮ್ಮನ್ನು ಸಾಕಿವೆ. 1981ರಲ್ಲಿ ತಂಬಾಕಿಗೆ ನ್ಯಾಯವಾದ ಬೆಲೆ ಕೇಳಿ ರೈತರು ನಿಪ್ಪಾಣಿಯ ಹೆದ್ದಾರಿಯಲ್ಲಿ ಕುಳಿತಾಗ ಪೊಲೀಸರ ಗುಂಡಿಗೆ ಹಲವರು ಬಲಿಯಾದರು. ಅದೇ ಊರಿನ ತಂಬಾಕಿನ ಕಾರ್ಖಾನೆಗಳಲ್ಲಿ ಧೂಳು ಕುಡಿಯುತ್ತ ದುಡಿದ ಹೆಣ್ಣುಮಕ್ಕಳ ಹೋರಾಟವನ್ನು ಕುರಿತು 1982ರಲ್ಲಿ ಸಾಕ್ಷ್ಯಚಿತ್ರವೂ ಬಂದಿತು. ನಮ್ಮ ಎಷ್ಟೋ ಮನೆಗಳಲ್ಲಿ ತಾಯಂದಿರು ಬೀಡಿ ಕಟ್ಟಿ ಮಕ್ಕಳ ಶಾಲೆಯ ಖರ್ಚು ನೋಡಿದ್ದಾರೆ. ಮುಂಜಾನೆ ಸುಟ್ಟ ತಂಬಾಕಿನ ಮಶೇರಿಯಿಂದ ಹಲ್ಲುಜ್ಜುವ ಅಜ್ಜಿಯರು, ಸುಣ್ಣ ಹಚ್ಚಿದ ತಂಬಾಕನ್ನು ತುಟಿಯೊಳಗೆ ಇಟ್ಟುಕೊಂಡು ಹೊಲಕ್ಕೆ ನಡೆಯುವ ತಂದೆಯರು, ಗುಟ್ಖಾ ಜಗಿಯುವ ತರುಣರು ನಮ್ಮ ನಡುವೆಯೇ ಇದ್ದಾರೆ. ಕರ್ನಾಟಕದಲ್ಲಿ 2013ರಲ್ಲಿಯೇ ಗುಟ್ಖಾ ನಿಷೇಧವಾಯಿತು. ಚಟ ಮಾತ್ರ ನಿಷೇಧವಾಗಲಿಲ್ಲ. ಬಾಯಿ ಮತ್ತು ಗಂಟಲಿನ ಕ್ಯಾನ್ಸರಿಗೆ ತಂಬಾಕು ಮತ್ತು ಅಡಿಕೆ ದೊಡ್ಡ ಕಾರಣಗಳೆಂಬುದು ವೈದ್ಯಲೋಕದಲ್ಲಿ ಸ್ಥಿರಪಟ್ಟಿರುವ ಸಂಗತಿ. ಇದರ ಹೊರತಾಗಿ ಸ್ತನದ, ಗರ್ಭಕೋಶದ ಕೊರಳಿನ ಕ್ಯಾನ್ಸರ್‌ಗಳಿವೆ. ಅವನ್ನು ನಮ್ಮ ತಾಯಂದಿರು ನಾಚಿಕೆಯಿಂದ ತಿಂಗಳುಗಟ್ಟಲೆ ಯಾರಿಗೂ ಹೇಳದೆ ಸಹಿಸಿಕೊಳ್ಳುತ್ತಾರೆ. ಹೀಗೆ ರೋಗಿಯು ತನ್ನ ನೋವನ್ನು ಮಕ್ಕಳಿಂದ ಮರೆಮಾಚುತ್ತಾಳೆ. ಆಮೇಲೆ ಮಕ್ಕಳು ರೋಗದ ಹೆಸರನ್ನು ಅವಳಿಂದ ಮರೆಮಾಚುತ್ತಾರೆ.

ಬಚ್ಚಿಟ್ಟರೆ ಆಗುವುದೇನು ಎಂಬುದನ್ನು ಯೋಚಿಸೋಣ. ಬಾಯಿಯ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆಯೆಂದರೆ ಸಾಮಾನ್ಯವಾಗಿ ವಾರಕ್ಕೆ 5 ದಿನಗಳಂತೆ 6ರಿಂದ 7 ವಾರ. ಅಷ್ಟು ದಿನವೂ ಮಿರಜಿಗೋ ಬೆಳಗಾವಿಗೋ ಹೋಗಿಬರಬೇಕು, ಇಲ್ಲವೇ ಅಲ್ಲಿಯೇ ಉಳಿಯಬೇಕು. ಎರಡು ಮೂರು ವಾರ ಕಳೆಯುವಷ್ಟರಲ್ಲಿ ಬಾಯಿಯೆಲ್ಲ ಹುಣ್ಣಾಗಿ ಉಗುಳು ನುಂಗುವುದೂ ಕಷ್ಟವಾಗುತ್ತದೆ. “ಬರೇ ಒಂದು ಗಂಟಿಗೆ ಇಷ್ಟೇಕೆ ಸಂಕಟ? ನನಗ ಸಾಕು, ಮನೀಗೆ ಕರಕೊಂಡು ಹೋಗ್ರಿ” ಎಂದು ತಾಯಿಯು ಹಟ ಹಿಡಿದರೆ ಮಕ್ಕಳ ಬಳಿ ಉತ್ತರವೇ ಇರುವುದಿಲ್ಲ. ನಡುವೆಯೇ ನಿಂತ ವಿಕಿರಣ ಚಿಕಿತ್ಸೆಯು ತನ್ನ ಬಲವನ್ನು ಕಳೆದುಕೊಳ್ಳುತ್ತದೆ. ತಾನು ಯಾವುದರ ವಿರುದ್ಧ ಹೋರಾಡುತ್ತಿದ್ದೇನೆಂದು ತಿಳಿದ ರೋಗಿಯು ಈ ನೋವನ್ನು ಸಹಿಸಲು ಒಂದು ಕಾರಣವನ್ನಾದರೂ ಹೊಂದಿರುತ್ತಾನೆ.

ಇನ್ನೊಂದು ಮಾತು. ರೋಗಿಗೆ ತಿಳಿದೇ ಇಲ್ಲವೆಂದು ನಾವು ಭಾವಿಸುವುದು ಬಹುತೇಕ ನಮ್ಮ ಭ್ರಮೆ. ಆಸ್ಪತ್ರೆಯ ಫಲಕದ ಮೇಲೆ ಕ್ಯಾನ್ಸರ್ ಎಂಬ ಪದ ದೊಡ್ಡ ಅಕ್ಷರಗಳಲ್ಲಿರುತ್ತದೆ. ಓದು ಬಾರದ ತಾಯಿಗೂ ಪಕ್ಕದ ಹಾಸಿಗೆಯವರು ತಮ್ಮ ಕಥೆಯನ್ನು ಹೇಳುತ್ತಾರೆ. ಮಕ್ಕಳು ಮೊಬೈಲ್ ಹಿಡಿದು ಹೊರಗೆ ಹೋಗಿ ಮಾತನಾಡುವುದನ್ನು, ಕಣ್ಣೊರೆಸಿಕೊಂಡು ಒಳಗೆ ಬರುವುದನ್ನು ಅವಳು ನೋಡುತ್ತಾಳೆ. ಎಲ್ಲವೂ ಅರ್ಥವಾದ ಮೇಲೆ ಮಕ್ಕಳ ಮನಸ್ಸು ನೋಯಬಾರದೆಂದು ಏನೂ ತಿಳಿಯದವಳಂತೆ ಇರುತ್ತಾಳೆ. ಒಬ್ಬರನ್ನೊಬ್ಬರು ನೋವಿನಿಂದ ಕಾಯಲು ಹೋಗಿ ಇಬ್ಬರೂ ಒಂಟಿಯಾಗುತ್ತಾರೆ. ಮನಸ್ಸಿನ ಭಯವನ್ನು ಹೇಳಿಕೊಳ್ಳಲು ಅವಳಿಗೆ ಸ್ವಂತ ಮನೆಯಲ್ಲಿಯೇ ಯಾರೂ ಸಿಗುವುದಿಲ್ಲ.

ಧರ್ಮದ ದೃಷ್ಟಿಯಿಂದಲೂ ಇದನ್ನು ನೋಡಬೇಕು. ವಸಿಯ್ಯತ್ ಮಾಡಲು ಏನಾದರೂ ಇರುವ ವಿಶ್ವಾಸಿಯು ಅದನ್ನು ಬರೆದಿಡದೆ ಎರಡು ರಾತ್ರಿಗಳನ್ನೂ ಕಳೆಯಬಾರದೆಂಬ ಬೋಧನೆಯು ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿದೆ. ಆರೋಗ್ಯವಂತನಿಗೇ ಇಷ್ಟು ಎಚ್ಚರವಿರಬೇಕಾದರೆ ಗಂಭೀರ ಕಾಯಿಲೆಯವನಿಗೆ ಎಷ್ಟಿರಬೇಕು! ಕೊಡಬೇಕಾದ ಸಾಲ, ಯಾರದೋ ಅಮಾನತ್ತು, ಮುರಿದುಹೋದ ತಂಗಿಯ ಸಂಬಂಧ, ಕೇಳಬೇಕಾದ ಕ್ಷಮೆ, ಒಮ್ಮೆ ನೋಡಬೇಕೆನಿಸುವ ತವರೂರು, ಇವೆಲ್ಲ ರೋಗಿಯ ಹಕ್ಕುಗಳು. ಕಾಯಿಲೆಯ ಸತ್ಯವನ್ನು ಮರೆಮಾಚುವವರು ತಮಗರಿವಿಲ್ಲದೆ ಈ ಹಕ್ಕುಗಳನ್ನೂ ಕಸಿದುಕೊಳ್ಳುತ್ತಾರೆ.

“ಸತ್ಯ ಹೇಳಿದರೆ ಅವರ ಧೈರ್ಯವೇ ಕುಸಿದುಬಿಡುತ್ತದೆ” ಎಂದು ಹಲವರು ವಾದಿಸುತ್ತಾರೆ. ಈ ವಾದಕ್ಕೆ ಸಅದ್ ಬಿನ್ ಅಬೀ ವಕ್ಕಾಸ್(ರ) ಅವರ ಪ್ರಸಂಗವು ಒಳ್ಳೆಯ ಉತ್ತರ. ಮಕ್ಕಾದಲ್ಲಿ ಅವರು ತೀವ್ರ ಕಾಯಿಲೆಯಿಂದ ಮಲಗಿದ್ದರು. ತಾನಿನ್ನು ಉಳಿಯಲಾರೆನೆಂದು ಅವರಿಗೆ ಅನಿಸಿತ್ತು. ನೋಡಲು ಬಂದ ಪ್ರವಾದಿ(ಸ)ಯವರ ಬಳಿ ತಮ್ಮ ಆಸ್ತಿಯ ವಸಿಯ್ಯತ್ ಬಗ್ಗೆ ನೇರವಾಗಿ ಕೇಳಿದರು. ಸಾವಿನ ಮಾತೇಕೆಂದು ಪ್ರವಾದಿ(ಸ)ಯವರು ಅವರ ಬಾಯಿ ಮುಚ್ಚಿಸಲಿಲ್ಲ. ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಬೇಡ, ಅದೂ ಹೆಚ್ಚೇ ಎಂದು ವಿಷಯವನ್ನು ಕೂಲಂಕಷವಾಗಿ ತೀರ್ಮಾನಿಸಿದರು. ಅದೇ ಮಾತಿನ ಓಟದಲ್ಲಿ ಅವರು ಇನ್ನೂ ಬಾಳಿ ಹಲವರಿಗೆ ಪ್ರಯೋಜನವಾಗಬಹುದೆಂಬ ಭರವಸೆಯನ್ನೂ ನೀಡಿದರು, ಅವರ ಗುಣಕ್ಕಾಗಿ ಪ್ರಾರ್ಥಿಸಿದರು. ಸಅದ್(ರ) ಗುಣಮುಖರಾದರು, ಅನಂತರ ದಶಕಗಳ ಕಾಲ ಬದುಕಿ ದೊಡ್ಡ ಹೊಣೆಗಳನ್ನು ಹೊತ್ತರು. ಒಂದೇ ಭೇಟಿಯಲ್ಲಿ ವಸಿಯ್ಯತ್ತಿನ ಮಾತೂ ಇತ್ತು, ಬದುಕಿನ ಭರವಸೆಯೂ ಇತ್ತು. ನಾವು ಮಾತ್ರ ಇವೆರಡನ್ನು ಒಂದಕ್ಕೊಂದು ಶತ್ರುಗಳೆಂದು ತಿಳಿದಿದ್ದೇವೆ.

ಹಾಗೆಂದು ರಿಪೋರ್ಟ್ ಕೈಗೆ ಬಂದ ಕ್ಷಣದಲ್ಲಿಯೇ ತಾಯಿಯ ಮುಂದೆ ಅದನ್ನು ಓದಿ ಹೇಳಬೇಕೆಂದು ನಾವು ಹೇಳುತ್ತಿಲ್ಲ. ಹೇಳುವುದಕ್ಕೂ ಒಂದು ಅದಬ್ ಇದೆ. ಮನೆಯಲ್ಲಿ ಯಾರ ಮಾತು ಅವರಿಗೆ ಹಿತವೋ ಅವರೇ ಹೇಳಲಿ. ನೆಂಟರ ಗುಂಪು ಕೂಡಿರುವಾಗ ಬೇಡ. ಅವರಿಗೇನು ತಿಳಿದಿದೆ, ಎಷ್ಟು ತಿಳಿಯಬಯಸುತ್ತಾರೆ ಎಂಬುದನ್ನು ಮೊದಲು ಕೇಳಬೇಕು. ಕೆಲವರು “ನನಗೇನೂ ಹೇಳಬೇಡಿ, ನೀವೇ ನೋಡಿಕೊಳ್ಳಿ” ಎನ್ನುತ್ತಾರೆ. ಅದು ಅವರ ಆಯ್ಕೆ, ಅದನ್ನೂ ಮನ್ನಿಸಬೇಕು. ಆದರೆ ಕೇಳಿದವರಿಗೆ ಸುಳ್ಳು ಹೇಳಬಾರದು. ಇಷ್ಟು ದಿನ, ಇಷ್ಟು ತಿಂಗಳು ಎಂದು ಆಯುಷ್ಯವನ್ನು ಎಣಿಸಿ ಹೇಳಲೂ ಬಾರದು. ಅದು ಅಲ್ಲಾಹನೊಬ್ಬನಿಗೇ ಗೊತ್ತಿರುವ ವಿಷಯ. ಕಾಯಿಲೆ ಇದು, ಚಿಕಿತ್ಸೆ ಹೀಗಿದೆ, ನಾವು ನಿಮ್ಮ ಜೊತೆಗಿದ್ದೇವೆ ಎಂಬ ಮೂರು ಮಾತುಗಳು ಸಾಕು. ಇವುಗಳಲ್ಲಿ ಮೂರನೆಯದನ್ನು ಬಾಯಿಂದ ಹೇಳಿದರೆ ಸಾಲದು, ಮುಂದಿನ ತಿಂಗಳುಗಳಲ್ಲಿ ಮಾಡಿ ತೋರಿಸಬೇಕು.

ಬನೀ ಇಸ್ರಾಈಲ್ ಅಧ್ಯಾಯದ 23 ಮತ್ತು 24ನೆಯ ಸೂಕ್ತಗಳು ನಮಗೆಲ್ಲ ಚಿರಪರಿಚಿತ. ವೃದ್ಧರಾದ ಮಾತಾಪಿತರಿಗೆ ‘ಉಫ್’ ಎಂಬ ಬೇಸರದ ಉದ್ಗಾರವನ್ನೂ ತೆಗೆಯಬಾರದೆಂದು ಅಲ್ಲಿ ಆಜ್ಞೆಯಿದೆ. ಇದನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವ ನಮ್ಮ ಸಮಾಜವು ಕ್ಯಾನ್ಸರ್ ಬಂದ ತಂದೆಗೆ ಏನೆನ್ನುತ್ತದೆ? “ತಂಬಾಕು ಬಿಡ್ರಿ ಅಂತ ಎಷ್ಟು ಸಲ ಹೇಳಿದ್ವಿ, ಕೇಳಿದ್ರೇನು?” ಹಾಸಿಗೆ ಹಿಡಿದವನ ಎದುರಿನಲ್ಲಿ ಆಡುವ ಈ ಮಾತು ಉಫ್‌ಗಿಂತ ನೂರು ಪಟ್ಟು ಭಾರವಾದುದು. ತಂಬಾಕು ಬಿಡಿಸುವುದು ಅಗತ್ಯವೇ. ಚಿಕಿತ್ಸೆಯ ಕಾಲದಲ್ಲಿಯೂ ಅದನ್ನು ಮುಂದುವರಿಸಿದರೆ ಹಾನಿಯು ಹೆಚ್ಚುತ್ತದೆ, ಬಿಟ್ಟರೆ ಚಿಕಿತ್ಸೆಗೂ ಅನುಕೂಲ. ಅದಕ್ಕೆ ದೂಷಣೆ ಬೇಡ, ಸಹಾಯ ಬೇಕು. ತಂದೆಗೆ ಬುದ್ಧಿ ಹೇಳುವ ಮಗನ ಜೇಬಿನಲ್ಲಿಯೇ ಗುಟ್ಖಾದ ಚೀಟಿಯಿದ್ದರೆ ಆ ಬುದ್ಧಿಮಾತಿಗೆ ಬೆಲೆಯಿಲ್ಲ. ಮಗನೇ ಮೊದಲು ಬಿಡಲಿ.

ನಮ್ಮಲ್ಲಿ ಕಾಣುವ ಇನ್ನೊಂದು ದೋಷವೆಂದರೆ ವಿಳಂಬ. ಎರಡು ಮೂರು ವಾರಗಳಾದರೂ ಮಾಯದ ಬಾಯಿಹುಣ್ಣು, ಬಾಯಿಯೊಳಗಿನ ಬಿಳಿ ಅಥವಾ ಕೆಂಪು ಕಲೆ, ಬಾಯಿ ಪೂರ್ತಿ ತೆರೆಯಲಾಗದಿರುವುದು, ಕುತ್ತಿಗೆಯಲ್ಲಿ ಅಥವಾ ಎದೆಯಲ್ಲಿ ಗಂಟು, ಮುಟ್ಟು ನಿಂತ ಮೇಲೂ ರಕ್ತಸ್ರಾವ, ಇವುಗಳಲ್ಲಿ ಯಾವುದನ್ನು ಕಂಡರೂ ತಡಮಾಡದೆ ವೈದ್ಯರಿಗೆ ತೋರಿಸಬೇಕು. ದುಆ ಮಾಡಿಸುವುದು ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ದುಆದ ಹೆಸರಿನಲ್ಲಿ ದವಾವನ್ನು ಮುಂದೂಡಬಾರದು. ನಾವು ಚಿಕಿತ್ಸೆ ಪಡೆಯಬೇಕೇ ಎಂದು ಜನರು ಕೇಳಿದಾಗ ಪ್ರವಾದಿ(ಸ)ಯವರು ಪಡೆಯಿರಿ ಎಂದೇ ಹೇಳಿದರು. ವೃದ್ಧಾಪ್ಯದ ಹೊರತು ಪ್ರತಿಯೊಂದು ರೋಗಕ್ಕೂ ಮದ್ದಿದೆಯೆಂದು ತಿಳಿಸಿದರು. ಪುರುಷ ವೈದ್ಯರಿಗೆ ತೋರಿಸಲು ತಾಯಿಯು ಸಂಕೋಚಪಟ್ಟರೆ ಮಹಿಳಾ ವೈದ್ಯರನ್ನು ಹುಡುಕೋಣ. ಸಿಗದಿದ್ದರೆ ಅಗತ್ಯವಿರುವಷ್ಟು ತೋರಿಸಲು ಶರೀಅತ್ ಅನುಮತಿಸುತ್ತದೆ ಎಂಬುದನ್ನು ಅವಳಿಗೆ ತಿಳಿಸೋಣ.

ಎಲ್ಲಿಗೆ ಹೋಗಬೇಕೆಂಬ ವಿಷಯದಲ್ಲಿ ನಮ್ಮ ಸೀಮೆಯವರು ಅಷ್ಟು ನಿರ್ಗತಿಕರಲ್ಲ. ಕಾಗವಾಡದ ಗಡಿ ದಾಟಿದರೆ ಕೆಲವೇ ಕಿಲೋಮೀಟರ್ ದೂರದಲ್ಲಿ ಮಿರಜ್ ಇದೆ. 1894ರಲ್ಲಿ ಆರಂಭವಾದ ವಾನ್‌ಲೆಸ್ ಆಸ್ಪತ್ರೆಯ ಕಾಲದಿಂದಲೂ ನಮ್ಮ ಹಿರಿಯರಿಗೆ ಅದು ವೈದ್ಯರ ಊರು. ಕ್ಯಾನ್ಸರಿಗಾಗಿಯೇ ಇರುವ ಸಿದ್ಧಿವಿನಾಯಕ ಗಣಪತಿ ಆಸ್ಪತ್ರೆಯೂ ಅಲ್ಲಿದೆ. ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆಯನ್ನು 2025ರ ಜನವರಿಯಲ್ಲಿ ರಾಷ್ಟ್ರಪತಿಯವರು ಉದ್ಘಾಟಿಸಿದರು. ಹುಬ್ಬಳ್ಳಿಯ ನವನಗರದಲ್ಲಿಯೂ ಕ್ಯಾನ್ಸರ್ ಆಸ್ಪತ್ರೆಯಿದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯು 1973ರಿಂದ, ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯು 1941ರಿಂದ ಬಡವರಿಗೂ ಬಾಗಿಲು ತೆರೆದಿವೆ. ಒಂದೇ ಕಡೆ ಸರಿಯಾಗಿ ಪೂರ್ಣ ಚಿಕಿತ್ಸೆ ಪಡೆಯುವುದು ಮುಖ್ಯ. ನೆಂಟರು ಹೇಳಿದಂತೆಲ್ಲ ಊರೂರು ತಿರುಗಿ ದಿನ ಕಳೆಯುವುದು ರೋಗಕ್ಕೆ ಅವಕಾಶ ಕೊಟ್ಟಂತೆ.

ಹಣದ ಚಿಂತೆಯು ನಿಜವಾದ ಚಿಂತೆ. ಹೊಲ ಮಾರುವ ಮುನ್ನ, ಬಡ್ಡಿಯ ಸಾಲಕ್ಕೆ ಕೈಚಾಚುವ ಮುನ್ನ ನಮಗೆ ಹಕ್ಕಾಗಿ ಬರುವುದನ್ನು ಕೇಳಿ ಪಡೆಯಬೇಕು. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ನೆರವಿದೆ. ಸರಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಬೇಕಾಗಬಹುದು; ಆಧಾರ್ ಮತ್ತು ರೇಶನ್ ಕಾರ್ಡಿನಲ್ಲಿ ಹೆಸರು ಒಂದೇ ರೀತಿ ಇದೆಯೇ ಎಂಬುದನ್ನೂ ನೋಡಿಕೊಳ್ಳಬೇಕು. ಮಿರಜಿಗೆ ಹೋಗುವವರು ಕರ್ನಾಟಕದ ಕಾರ್ಡು ಆ ಆಸ್ಪತ್ರೆಯಲ್ಲಿ ನಡೆಯುವುದೇ ಎಂದು ದಾಖಲಾಗುವ ಮೊದಲೇ ವಿಚಾರಿಸಬೇಕು. ಬೀಡಿ ಕಾರ್ಮಿಕರ ಗುರುತಿನ ಚೀಟಿಯಿರುವ ತಾಯಿಗೆ 1976ರ ಕಾನೂನಿನ ಕಲ್ಯಾಣ ನಿಧಿಯಿಂದ ನೆರವು ಸಿಗುವುದೇ ಎಂದು ಕೇಳಬೇಕು. ಆ ಚೀಟಿಯನ್ನು ಎಷ್ಟೋ ಮನೆಗಳಲ್ಲಿ ಪೆಟ್ಟಿಗೆಯ ತಳದಲ್ಲಿ ಮರೆತುಬಿಡುತ್ತಾರೆ. ಚಿಕಿತ್ಸೆಗಾಗಿ ರೈಲಿನಲ್ಲಿ ಪ್ರಯಾಣಿಸುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ದರ್ಜೆಯಲ್ಲಿ ಪೂರ್ಣ, ಜೊತೆಗಾರರೊಬ್ಬರಿಗೆ ಶೇ. 75ರ ರಿಯಾಯಿತಿಯಿದೆ, ಅದಕ್ಕೆ ಆಸ್ಪತ್ರೆಯ ಪ್ರಮಾಣಪತ್ರ ಬೇಕು. ರಾಯಬಾಗ, ಕುಡಚಿ, ಉಗಾರ, ಶೇಡಬಾಳಗಳ ಮೂಲಕ ರೈಲು ಹಾಯುವ ನಮಗೆ ಇದು ಸಣ್ಣ ಸಹಾಯವಲ್ಲ. ಇನ್ನು ಝಕಾತ್ ಬಗ್ಗೆ ಒಂದು ಸ್ಪಷ್ಟನೆ: ತನ್ನ ಝಕಾತ್ ಹಣವನ್ನು ತನ್ನದೇ ತಂದೆತಾಯಿಗೆ ಕೊಡಲು ಬರುವುದಿಲ್ಲ. ಅವರ ಅಗತ್ಯವನ್ನು ಪೂರೈಸುವುದು ಮಕ್ಕಳ ಸ್ವಂತ ಸಂಪತ್ತಿನ ಮೇಲಿನ ಹೊಣೆ. ಆದರೆ ನೆರೆಮನೆಯ ಬಡ ರೋಗಿಗೆ ನಮ್ಮ ಝಕಾತ್ ಸಲ್ಲುತ್ತದೆ.

ಹಣ ಕಳಿಸಿದ ಮಾತ್ರಕ್ಕೆ ಹೊಣೆ ಮುಗಿಯುವುದಿಲ್ಲ. ಪುಣೆಯಲ್ಲೋ ಗಲ್ಫಿನಲ್ಲೋ ದುಡಿಯುವ ಮಗ ಹಣ ಕಳಿಸುತ್ತಾನೆ. ಊರಿನಲ್ಲಿರುವ ಮಗ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾನೆ. ವಾಂತಿ ಬಳಿಯುವುದು, ಹುಣ್ಣಾದ ಬಾಯಿ ತೊಳೆಸುವುದು, ರಾತ್ರಿ ಎಬ್ಬಿಸಿ ಶೌಚಕ್ಕೆ ಕರೆದೊಯ್ಯುವುದು ಇವೆಲ್ಲ ಸೊಸೆಯ ಪಾಲಿಗೆ ಬರುತ್ತವೆ. ಕೊನೆಗೆ ಊರವರು ಮಗನ ಖಿದ್ಮತ್ತನ್ನು ಹೊಗಳುತ್ತಾರೆ! ಅತ್ತೆಮಾವಂದಿರ ಸೇವೆಯು ಸೊಸೆಯ ಮೇಲೆ ಶರೀಅತ್ ಹೊರಿಸಿದ ಕಡ್ಡಾಯವಲ್ಲ. ಮಾಡಿದರೆ ಅದು ಅವಳ ಔದಾರ್ಯ, ಅವಳಿಗೆ ಮಹಾ ಪುಣ್ಯ. ಕಡ್ಡಾಯವಿರುವುದು ಗಂಡುಮಕ್ಕಳ ಹಾಗೂ ಹೆಣ್ಣುಮಕ್ಕಳ ಮೇಲೆ. ಯುದ್ಧಕ್ಕೆ ಹೊರಡಲು ಅನುಮತಿ ಕೇಳಿದವನನ್ನು ನಿನ್ನ ತಂದೆತಾಯಿಯ ಸೇವೆಯಲ್ಲಿ ಶ್ರಮಿಸೆಂದು ಪ್ರವಾದಿ(ಸ)ಯವರು ಹಿಂದಕ್ಕೆ ಕಳಿಸಿದರು. ಆ ಸೇವೆಯನ್ನು ಹೆಂಡತಿಗೆ ವಹಿಸಿಕೊಡೆಂದು ಹೇಳಲಿಲ್ಲ. ಆದ್ದರಿಂದ ಮಕ್ಕಳು ಕೂತು ಸರದಿಯನ್ನು ಗೊತ್ತುಮಾಡಿಕೊಳ್ಳಲಿ. ಯಾರು ಯಾವ ವಾರ ಜೊತೆಗಿರುವುದು, ಯಾರು ಕಾಗದಪತ್ರ ನೋಡಿಕೊಳ್ಳುವುದು, ಯಾರು ಅಡಿಗೆ ಮಾಡುವುದು ಎಂಬುದು ಚರ್ಚೆಯಿಂದ ನಿರ್ಧಾರವಾಗಲಿ. ಮದುವೆಯಾಗಿ ಹೋದ ಮಗಳಿಗೆ ಅತ್ತೆಮನೆಯವರು ಬಿಡುವು ಕೊಡಲಿ.

ಚಿಕಿತ್ಸೆಯ ಕಾಲದಲ್ಲಿ ಮನೆಯವರು ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಕೀಮೋ ಪಡೆಯುತ್ತಿರುವವರಿಗೆ 100.4 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ಜ್ವರ ಬಂದರೆ ರಾತ್ರಿಯಾಗಿದ್ದರೂ ಆಸ್ಪತ್ರೆಗೆ ಒಯ್ಯಬೇಕು. ಬೆಳಿಗ್ಗೆ ನೋಡೋಣ ಎನ್ನುವಂತಿಲ್ಲ. ಬಾಯಿಗೆ ವಿಕಿರಣ ಕೊಡುವ ಮೊದಲು ಹಲ್ಲಿನ ತಪಾಸಣೆಯಾಗಬೇಕು. ಖಾರದ ಪಲ್ಯ, ಗಟ್ಟಿ ರೊಟ್ಟಿಯ ಬದಲು ಜೋಳದ ಅಂಬಲಿ, ತೆಳುವಾದ ಗಂಜಿ, ಮೆತ್ತಗಿನ ಖಿಚಡಿ, ಬೇಯಿಸಿದ ಮೊಟ್ಟೆ, ಹಾಲು ಇವುಗಳನ್ನು ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡಬೇಕು. ಬಾಯಿಂದ ಊಟವೇ ಸಾಧ್ಯವಾಗದಿದ್ದರೆ ವೈದ್ಯರು ಮೂಗಿನ ನಳಿಕೆ ಹಾಕುತ್ತಾರೆ. ಅದನ್ನು ಅಂತ್ಯದ ಸೂಚನೆಯೆಂದು ತಿಳಿದು ಅಳಬಾರದು, ದೇಹದ ಬಲ ಉಳಿಸುವ ಉಪಾಯವದು. ಕ್ಯಾನ್ಸರ್ ಅಂಟುರೋಗವಲ್ಲ. ಯಂತ್ರದಿಂದ ಹೊರಗಿನಿಂದಲೇ ವಿಕಿರಣ ಪಡೆದು ಬಂದವರ ಬಳಿ ಕುಳಿತರೆ ಮಕ್ಕಳಿಗೇನೂ ಆಗುವುದಿಲ್ಲ. ಅಜ್ಜಿಗೆ ಬೇರೆ ತಟ್ಟೆ, ಬೇರೆ ಲೋಟ ಇಡುವ ಮನೆಗಳು ಇದನ್ನು ಅರಿಯಬೇಕು. ಸೋಂಕಿನ ಭಯವಿರುವುದು ರೋಗಿಗೆ. ಕೆಮ್ಮು, ನೆಗಡಿಯಿರುವ ನೆಂಟರು ನೋಡಲು ಬರುವುದನ್ನು ಮುಂದೂಡುವುದೇ ಪುಣ್ಯ.

ಇಬಾದತ್ತಿನ ವಿಷಯದಲ್ಲಿಯೂ ರೋಗಿಗೆ ನಮ್ಮ ನೆರವು ಬೇಕು. ಜೀವಮಾನವಿಡೀ ನಮಾಝ್ ಬಿಡದ ತಾಯಿಗೆ ಅದನ್ನು ಸರಿಯಾಗಿ ಮಾಡಲಾಗದ ಕೊರಗು ಕಾಯಿಲೆಯಷ್ಟೇ ನೋವು ಕೊಡುತ್ತದೆ. ಇಮ್ರಾನ್ ಬಿನ್ ಹುಸೈನ್(ರ) ಅವರಿಗೆ ಕಾಯಿಲೆಯಿದ್ದಾಗ ನಿಂತು ನಮಾಝ್ ಮಾಡು, ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಲ್ಲಿ ಮಲಗಿ ಮಾಡು ಎಂದು ಪ್ರವಾದಿ(ಸ)ಯವರು ಹೇಳಿಕೊಟ್ಟರು. ನೀರು ಹಾನಿಮಾಡುವುದಾದರೆ ತಯಮ್ಮುಮ್ ಇದೆ. ಮಲಮೂತ್ರದ ಚೀಲ ಹಾಕಿದವರು ಪ್ರತಿ ನಮಾಝಿನ ಸಮಯಕ್ಕೆ ಹೊಸದಾಗಿ ವುಝೂ ಮಾಡಿದರೆ ಸಾಕು. ರಮಝಾನಿನ ಉಪವಾಸದಿಂದ ರೋಗಿಗೆ ವಿನಾಯಿತಿಯಿದೆ. ಗುಣವಾದ ಮೇಲೆ ಪೂರೈಸಬಹುದು, ಗುಣವಾಗುವ ನಿರೀಕ್ಷೆಯಿಲ್ಲದವರು ಫಿದ್ಯಾ ಕೊಡಬಹುದು. ಈ ರಿಯಾಯಿತಿಗಳು ಅಲ್ಲಾಹನ ಕೊಡುಗೆಗಳು. ಅವುಗಳನ್ನು ಪಡೆದವರ ಇಬಾದತ್ತು ಕಡಿಮೆಯದಲ್ಲವೆಂದು ಅವರಿಗೆ ಮತ್ತೆಮತ್ತೆ ಹೇಳಬೇಕು.

ಕೊನೆಯದಾಗಿ, ಚೇತರಿಕೆಯ ಕಾಲ. ಚಿಕಿತ್ಸೆಯ ಕೊನೆಯ ದಿನ ಮನೆಯಲ್ಲಿ ಸಿಹಿ ಹಂಚುತ್ತಾರೆ. ಮರುವಾರ ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಮರಳುತ್ತಾರೆ. ರೋಗಿಗೆ ಮಾತ್ರ ಕಷ್ಟದ ಇನ್ನೊಂದು ಭಾಗ ಅಲ್ಲಿಂದ ಶುರುವಾಗುತ್ತದೆ. ಬಾಯಿ ಒಣಗುವುದು, ರುಚಿ ತಿಳಿಯದಿರುವುದು, ದವಡೆ ಬಿಗಿಯುವುದು, ಸದಾ ಆಯಾಸ, ಮುಖದ ಆಕಾರ ಬದಲಾದ ಸಂಕೋಚ, ಮಾತು ತೊದಲುವ ನಾಚಿಕೆ ಅವರನ್ನು ಕಾಡುತ್ತವೆ. ವೈದ್ಯರು ಕಲಿಸಿದ ದವಡೆಯ ವ್ಯಾಯಾಮವನ್ನು ದಿನವೂ ಜೊತೆಗೆ ಕೂತು ಮಾಡಿಸಬೇಕು. ಕುತ್ತಿಗೆಗೆ ವಿಕಿರಣ ಪಡೆದವರಿಗೆ ಥೈರಾಯ್ಡ್ ಪರೀಕ್ಷೆಯಾಗಬೇಕು. ಮೊದಲ ಎರಡು ವರ್ಷಗಳಲ್ಲಿ ಕೆಲವು ತಿಂಗಳಿಗೊಮ್ಮೆ, ಅನಂತರ 5 ವರ್ಷಗಳವರೆಗೆ ವೈದ್ಯರು ಹೇಳಿದಂತೆ ತಪಾಸಣೆಗೆ ಹೋಗಲೇಬೇಕು. ಕಾಯಿಲೆಯ ಹೆಸರನ್ನೇ ಹೇಳದ ಮನೆಯವರು ಗುಣವಾದ ತಾಯಿಯನ್ನು 5 ವರ್ಷ ಯಾವ ನೆಪದಿಂದ ಆಸ್ಪತ್ರೆಗೆ ಕರೆದೊಯ್ಯುತ್ತಾರೆ? ತಂದೆಯು ತಾನು ನಿಧಾನವಾಗಿ, ಚೆಲ್ಲಿಕೊಂಡು ಉಣ್ಣುತ್ತೇನೆಂದು ಮದುವೆಯ ಊಟಕ್ಕೆ ಬರಲೊಲ್ಲೆನೆಂದರೆ, ಮನೆಯ ದಸ್ತರ್‌ಖಾನಿನಲ್ಲಾದರೂ ಅವರ ಪಕ್ಕದಲ್ಲಿ ಕೂತು ಅವರ ವೇಗದಲ್ಲಿಯೇ ಉಣ್ಣುವ ಒಬ್ಬ ಮೊಮ್ಮಗನಿರಲಿ.

ಹಾಗಾದರೆ ಇಶಾ ನಮಾಝಿನ ನಂತರ ಬರುವ ಆ ಪ್ರಶ್ನೆಗೆ ನಮ್ಮ ಉತ್ತರವಿದು: ನಿಮ್ಮ ತಾಯಿಯು ನಿಮ್ಮನ್ನು ಹೆತ್ತವಳು, ಬರಗಾಲಗಳನ್ನೂ ಸಾಲಗಳನ್ನೂ ಕಂಡವಳು, ಬೀಡಿಯ ಧೂಳಿನಲ್ಲಿ ಬೆರಳು ಸವೆಸಿದವಳು. ಅವಳು ನೀವು ತಿಳಿದಷ್ಟು ದುರ್ಬಲಳಲ್ಲ. ಅವಳ ಕೈ ಹಿಡಿದು ಸತ್ಯ ಹೇಳಿರಿ, ನಂತರ ಆ ಕೈಯನ್ನು ಬಿಡಬೇಡಿರಿ. ರೋಗಿಗಳಾದ ನಮ್ಮ ಎಲ್ಲ ಮಾತಾಪಿತರಿಗೆ ಅಲ್ಲಾಹನು ಶಿಫಾ ನೀಡಲಿ, ಅವರ ಸೇವೆಗೆ ಬೇಕಾದ ಸತ್ಯವಂತಿಕೆಯನ್ನೂ ತಾಳ್ಮೆಯನ್ನೂ ನಮಗೆ ದಯಪಾಲಿಸಲಿ. ಆಮೀನ್.